ಎರಡು ಪೌಂಡು ಬೀಜ ಹಂಚಿದ ಕ್ಯಾಪ್ಟನ್



ಮುಂಗಾರು ಹಿಡಿಯುವ ಮೊದಲು ಪ್ರತಿ ವರ್ಷವೂ ನಮ್ಮ ಸಂಘದ ಕಛೇರಿಯಲ್ಲಿ ಒಂದೇ ಮಾತು ಕೇಳಿಬರುತ್ತದೆ. "ಕಾರ್ಯದರ್ಶಿಗಳೇ, ಈ ಸಲ ಒಳ್ಳೆಯ ಸಸಿ ಎಲ್ಲಿ ಸಿಕ್ಕೀತು?" ಕೇಳುವವರಲ್ಲಿ ಎರಡು ಎಕರೆಯವರೂ ಇರುತ್ತಾರೆ, ಇಪ್ಪತ್ತು ಎಕರೆಯವರೂ ಇರುತ್ತಾರೆ. ಸಸಿ ತಂದವರ ಫಿರ್ಯಾದೂ ಇಷ್ಟೇ ಮಾಮೂಲು. ಜೀಪಿನಲ್ಲಿ ಐವತ್ತು ಮೈಲಿ ಬರುವುದರೊಳಗೆ ಸಸಿ ಬಾಡಿತು, ಚೀಲ ಒಡೆಯಿತು, ತಾಯಿಬೇರು ಮುರಿಯಿತು ಎಂದು ಅವರು ಹೇಳುವಾಗ ನಮಗೆ ಒಬ್ಬ ಸೈನಿಕನ ನೆನಪಾಗುತ್ತದೆ. ಆತ ಒಂದು ಕಾಫಿ ಗಿಡವನ್ನು ಹಾಯಿಹಡಗಿನಲ್ಲಿ ಅಟ್ಲಾಂಟಿಕ್ ಸಾಗರ ದಾಟಿಸಿದವನು. ಹೆಸರು ಗಾಬ್ರಿಯೆಲ್ ದ ಕ್ಲಿಯೂ. ಸುಮಾರು 300 ವರ್ಷಗಳ ಹಿಂದಿನ ಮಾತು. ಕಾಫಿಯ ಚರಿತ್ರೆ ಓದಿದವರಿಗೆ ಈ ಹೆಸರು ಹೊಸದಲ್ಲ. ಆದರೆ ಸಾಮಾನ್ಯವಾಗಿ ಎಲ್ಲರೂ ಹೇಳುವುದು ಅವನ ಸಮುದ್ರಯಾನದ ಕಥೆಯನ್ನು. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು, ದಡ ಸೇರಿದ ಮೇಲೆ ಆತ ಮಾಡಿದ ಕೆಲಸ.

ಸೈನಿಕನಿಗೆ ಗಿಡದ ಗೀಳು

ದ ಕ್ಲಿಯೂ ಫ್ರಾನ್ಸಿನ ನಾರ್ಮಂಡಿ ಪ್ರಾಂತದವನು. ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದವನು. ವೆಸ್ಟ್ ಇಂಡೀಸ್ ದ್ವೀಪಗಳ ಪೈಕಿ ಫ್ರೆಂಚರ ವಶದಲ್ಲಿದ್ದ ಮಾರ್ಟಿನಿಕ್ ದ್ವೀಪದಲ್ಲಿ ಪದಾತಿ ದಳದ ಕ್ಯಾಪ್ಟನ್ ಆಗಿದ್ದ. ಆ ದ್ವೀಪ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟೇ ವಿಸ್ತಾರದ್ದು. ಬೆಟ್ಟ, ಕಣಿವೆ, ಹೇರಳ ಮಳೆ. ಬಯಲಿನಲ್ಲಿ ದೊಡ್ಡ ಭೂಮಾಲಿಕರ ಕಬ್ಬು, ಸಣ್ಣ ಹಿಡುವಳಿಯವರಿಗೆ ಕೋಕೋ. ಇಂತಹ ಹವೆಯಲ್ಲಿ ಕಾಫಿ ಬರಲೇಬೇಕೆಂಬುದು ಕ್ಯಾಪ್ಟನ್ನನ ತಲೆಗೆ ಹೊಕ್ಕಿತು. ಸ್ವಂತ ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿದ್ದಾಗ, ಮರಳುವಾಗ ಒಂದು ಗಿಡವನ್ನು ಒಯ್ಯಲೇಬೇಕೆಂದು ನಿರ್ಧರಿಸಿದ.

ಬೀಜವನ್ನೇ ಏಕೆ ಒಯ್ಯಬಾರದಿತ್ತು ಎಂದು ಕೆಲವರು ಕೇಳಬಹುದು. ನಮ್ಮ ಬೆಳೆಗಾರರು ಕೇಳಲಾರರು. ಕಾಫಿ ಬೀಜ ಭತ್ತ, ರಾಗಿಯ ಹಾಗಲ್ಲ. ಹಣ್ಣು ಕೊಯ್ದು ಕೆಲವು ತಿಂಗಳಾದರೆ ಮೊಳಕೆಯ ಶಕ್ತಿ ಕುಗ್ಗಿಹೋಗುತ್ತದೆ. ಆದ್ದರಿಂದಲೇ ಡಿಸೆಂಬರ್, ಜನವರಿಯಲ್ಲಿ ಹೊಸ ಬೀಜವನ್ನೇ ಪಾತಿಗೆ ಹಾಕುತ್ತೇವೆ. ಯೂರೋಪಿನ ಅಂಗಡಿಗಳಲ್ಲಿ ಸಿಗುತ್ತಿದ್ದ ಬೀಜವಾದರೋ ಅರೇಬಿಯಾದಿಂದ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದದ್ದು. ಜೀವಂತ ಗಿಡವಿಲ್ಲದೆ ಬೇರೆ ದಾರಿಯಿರಲಿಲ್ಲ.

ಗಿಡದ ವಂಶಾವಳಿ

ಪ್ಯಾರಿಸ್ಸಿನಲ್ಲಿ ಜೀವಂತ ಕಾಫಿ ಗಿಡ ಇದ್ದದ್ದು ಅರಸನ ಸಸ್ಯೋದ್ಯಾನದಲ್ಲಿ, ಬೆಚ್ಚನೆಯ ಗಾಜಿನ ಮನೆಯೊಳಗೆ. 1714ರಲ್ಲಿ ಆಮ್‌ಸ್ಟರ್‌ಡ್ಯಾಂ ನಗರದ ಅಧಿಕಾರಿಗಳು ಹದಿನಾಲ್ಕನೇ ಲೂಯಿ ದೊರೆಗೆ ಕಾಣಿಕೆಯಾಗಿ ಒಂದು ಗಿಡ ಕೊಟ್ಟಿದ್ದರು. ಆಮ್‌ಸ್ಟರ್‌ಡ್ಯಾಮಿನ ಉದ್ಯಾನಕ್ಕೆ 1706ರಲ್ಲಿ ಗಿಡ ಬಂದದ್ದು ಜಾವಾ ದ್ವೀಪದಿಂದ. ಜಾವಾಕ್ಕೆ ಬಂದದ್ದು ಎಲ್ಲಿಂದ ಎಂಬುದು ನಮ್ಮ ಓದುಗರಿಗೆ ಸಂತೋಷ ಕೊಡುವ ಸಂಗತಿ. ಡಚ್ಚರು ಅದನ್ನು ಒಯ್ದದ್ದು ನಮ್ಮ ಪಶ್ಚಿಮ ಕರಾವಳಿಯ ಮಲಬಾರದಿಂದ. 1696ರಲ್ಲಿ ಕಣ್ಣಾನೂರಿನಿಂದ ಕಳುಹಿಸಿದ ಗಿಡಗಳು ಜಾವಾದಲ್ಲಿ ಪ್ರವಾಹಕ್ಕೆ ಸಿಕ್ಕಿ ಹಾಳಾದವು. 1699ರಲ್ಲಿ ಎರಡನೇ ಸಲ ಒಯ್ದವು ಬದುಕಿದವು.

ಬಾಬಾ ಬುಡನ್‌ರವರು ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಅದು ಜನರ ಬಾಯಿಂದ ಬಾಯಿಗೆ ಬಂದದ್ದು, ದಾಖಲೆಯ ಮಾತಲ್ಲ. ಆದರೆ ಯೆಮೆನ್‌ನ ಕಾಫಿ ಮೊದಲು ಭಾರತಕ್ಕೆ ಬಂದು, ಇಲ್ಲಿಂದ ಜಾವಾಕ್ಕೆ ಹೋಯಿತೆಂಬುದನ್ನು ಇತ್ತೀಚಿನ ವಂಶವಾಹಿ ಪರೀಕ್ಷೆಗಳೂ ಸಮರ್ಥಿಸಿವೆ. ಅಂದಮೇಲೆ ಮಾರ್ಟಿನಿಕ್ಕಿಗೆ ಹೊರಟ ಆ ಗಿಡದ ಅಜ್ಜಿ ಒಂದು ಕಾಲಕ್ಕೆ ನಮ್ಮ ಘಟ್ಟದ ಸೀಮೆಯ ನೀರು ಕುಡಿದದ್ದು.

ಹಡಗಿನ ಮೇಲೆ

ಅರಸನ ತೋಟದವರು ಒಬ್ಬ ಸಾಮಾನ್ಯ ಕ್ಯಾಪ್ಟನ್‌ಗೆ ಗಿಡ ಕೊಡಲು ಒಪ್ಪಲಿಲ್ಲ. ಆಗ ಆತ ಶ್ರೀಮಂತ ಮನೆತನದ ಒಬ್ಬ ಮಹಿಳೆಯ ಮುಖಾಂತರ ಅರಮನೆಯ ವೈದ್ಯ ಷಿರಾಕ್‌ನ ಮೇಲೆ ವಶೀಲಿ ಹಚ್ಚಿದ. ಆಕೆಯ ಮಾತನ್ನು ವೈದ್ಯನಿಗೆ ತೆಗೆದುಹಾಕಲಾಗಲಿಲ್ಲ. ಹೀಗೆ ಗಿಡ ಕೈಗೆ ಬಂತು. ನಾಂತ್ ಬಂದರಿನಿಂದ ಹೊರಟ ವರ್ಷ 1720 ಎಂದೂ 1723 ಎಂದೂ ಎರಡು ಲೆಕ್ಕಗಳಿವೆ.

ಗಿಡಕ್ಕಾಗಿ ಆತ ಗಾಜು ಕೂರಿಸಿದ ಒಂದು ಪೆಟ್ಟಿಗೆ ಮಾಡಿಸಿದ್ದ. ಬಿಸಿಲು ಒಳಗೆ ಬೀಳಬೇಕು, ಮೋಡದ ದಿನಗಳಲ್ಲಿ ಶಾಖ ಹೊರಗೆ ಹೋಗಬಾರದು, ಉಪ್ಪುನೀರು ಸಿಡಿಯಬಾರದು, ಇದು ಏರ್ಪಾಡು. ದಾರಿಯಲ್ಲಿ ಟ್ಯುನೀಸಿಯಾದ ಕಡಲ್ಗಳ್ಳರ ಕಾಟವಾಯಿತು. ಬಿರುಗಾಳಿ ಬಂತು. ಸಹಪ್ರಯಾಣಿಕನೊಬ್ಬ ಹೊಟ್ಟೆಕಿಚ್ಚಿನಿಂದ ಗಿಡ ಕಿತ್ತುಕೊಳ್ಳಲು ಬಂದು ಒಂದು ರೆಂಬೆ ಮುರಿದ. ಕೊನೆಗೆ ಗಾಳಿ ನಿಂತು ಹಡಗು ಮುಂದೆ ಸಾಗದಾಯಿತು. ಕುಡಿಯುವ ನೀರಿಗೆ ಅಳತೆ ಬಂತು. ಒಂದು ತಿಂಗಳಿಗೂ ಮಿಕ್ಕಿ ತನ್ನ ಪಾಲಿನ ನೀರಿನಲ್ಲೇ ಆತ ಗಿಡಕ್ಕೂ ಎರೆದ.

ಇಷ್ಟೂ ವಿವರಗಳು ದ ಕ್ಲಿಯೂ ತನ್ನ ಮುಪ್ಪಿನಲ್ಲಿ, 1774ರ ಫೆಬ್ರವರಿಯಲ್ಲಿ, ಪ್ಯಾರಿಸ್ಸಿನ ಒಂದು ಪತ್ರಿಕೆಗೆ ಬರೆದ ಕಾಗದದಿಂದ ಬಂದವು. ಘಟನೆ ನಡೆದು ಐವತ್ತು ವರ್ಷವಾಗಿತ್ತು. ಕಥೆಯ ನಾಯಕನೂ ಅವನೇ, ಸಾಕ್ಷಿಯೂ ಅವನೇ. ಸ್ವಲ್ಪ ಉಪ್ಪು ಖಾರ ಬಿದ್ದಿದ್ದರೆ ಆಶ್ಚರ್ಯವಿಲ್ಲ. ಆದರೆ ನೀರಿನ ಮಾತನ್ನು ಮಾತ್ರ ನಾವು ಅನುಮಾನಿಸಲಾರೆವು. ಕೆರೆ ಬತ್ತಿದ ಒಂದು ಬೇಸಿಗೆಯಲ್ಲಿ ಮನೆ ಬಾವಿಯ ನೀರನ್ನು ಕೊಡದಲ್ಲಿ ಹೊತ್ತು ಪಾತಿಗೆ ಹಾಕಿ, ಮನೆಯವರಿಂದ ಬೈಸಿಕೊಂಡ ಅನುಭವ ನಮಗೂ ಇದೆ. ಓದುಗರಲ್ಲಿ ಎಷ್ಟೋ ಮಂದಿಗೂ ಇದ್ದೀತು.

ಮುಳ್ಳುಬೇಲಿ, ಕಾವಲು, ಹಂಚಿಕೆ

ದ್ವೀಪಕ್ಕೆ ಬಂದೊಡನೆ ಆತ ಪ್ರೆಶೂರ್ ಎಂಬಲ್ಲಿದ್ದ ತನ್ನ ಜಮೀನಿನಲ್ಲಿ ಗಿಡವನ್ನು ನೆಟ್ಟು, ಸುತ್ತ ಮುಳ್ಳಿನ ಬೇಲಿ ಹಾಕಿಸಿ, ಹಗಲಿರುಳು ಕಾವಲು ಇಡಿಸಿದ. ಗಿಡ ಫಲಕ್ಕೆ ಬಂತು. ಮೊದಲ ಫಸಲಿನಲ್ಲಿ ಸಿಕ್ಕ ಬೀಜ ಸುಮಾರು ಎರಡು ಪೌಂಡು, ಅಂದರೆ ಒಂದು ಕಿಲೋಕ್ಕೆ ಹತ್ತಿರ.

ಒಂದೇ ಗಿಡ ಹೇಗೆ ಕಾಯಿ ಕಚ್ಚಿತು? ಅದು ಅರೇಬಿಕಾ ಆದದ್ದರಿಂದ. ಅರೇಬಿಕಾ ತನ್ನ ಪರಾಗದಿಂದಲೇ ಫಲ ಕಟ್ಟುತ್ತದೆ. ರೋಬಸ್ಟಾಕ್ಕೆ ಆ ಗುಣವಿಲ್ಲ, ಅದಕ್ಕೆ ಬೇರೆ ಗಿಡದ ಪರಾಗ ಬೇಕೇಬೇಕು. ಕ್ಯಾಪ್ಟನ್ನನ ಪೆಟ್ಟಿಗೆಯಲ್ಲಿ ರೋಬಸ್ಟಾ ಗಿಡವೊಂದಿದ್ದರೆ, ಅಷ್ಟೂ ನೀರು ಎರೆದೂ ಒಂದು ಕಾಯಿಯನ್ನು ಕಾಣುತ್ತಿರಲಿಲ್ಲ.

ಈಗ ನಾವು ಹೇಳಬೇಕೆಂದಿದ್ದ ವಿಷಯಕ್ಕೆ ಬಂದೆವು. ಇಡೀ ದ್ವೀಪದಲ್ಲಿ ಹೆಸರು ಹೇಳಬಹುದಾದ ಕಾಫಿ ಅವನ ಬೇಲಿಯೊಳಗೆ ಮಾತ್ರ ಇತ್ತು. ಮನಸ್ಸು ಮಾಡಿದ್ದರೆ ಹತ್ತು ವರ್ಷ ಬೀಜವನ್ನು ಹೊರಗೆ ಬಿಡದೆ ತಾನೊಬ್ಬನೇ ಬೆಳೆದು ಕೈತುಂಬ ಹಣ ಮಾಡಬಹುದಿತ್ತು. ಅಷ್ಟು ಕಷ್ಟಪಟ್ಟು ತಂದವನನ್ನು ಯಾರೂ ದೂರುತ್ತಿರಲಿಲ್ಲ. ಆದರೆ ಆತ ಆ ಎರಡು ಪೌಂಡು ಬೀಜವನ್ನೂ ಹಂಚಿಬಿಟ್ಟ. ಕಂಡಕಂಡವರಿಗಲ್ಲ, ಯಾರು ಸಸಿಯನ್ನು ಸರಿಯಾಗಿ ಸಾಕಬಲ್ಲರು ಎಂದು ನೋಡಿ, ಅಂಥವರಿಗೆ ಕೊಟ್ಟ. ಅವರ ಫಸಲಿನಿಂದ ಮತ್ತಷ್ಟು ಬೀಜವಾಯಿತು, ಅದೂ ಹರಡಿತು.

ಸ್ವಲ್ಪ ಕಾಲದಲ್ಲೇ ಇದರ ಬೆಲೆ ತಿಳಿಯಿತು. 1727ರ ಸುಮಾರಿಗೆ ಮಾರ್ಟಿನಿಕ್ಕಿಗೆ ಕೆಟ್ಟ ಕಾಲ ಬಂತು. ಬಿರುಗಾಳಿ, ನೆರೆ, ಆ ವರ್ಷದ ನವೆಂಬರಿನಲ್ಲಿ ಭೂಕಂಪ. ಕೋಕೋ ಮರಗಳು ಬೇರುಸಹಿತ ನಾಶವಾದವು. ಕೋಕೋವನ್ನೇ ನಂಬಿದ್ದ ಸಣ್ಣ ಬೆಳೆಗಾರರಿಗೆ ಕಬ್ಬಿನ ಗಾಣ, ಕುಲುಮೆಗಳಿಗೆ ಹಾಕುವಷ್ಟು ಬಂಡವಾಳವಿರಲಿಲ್ಲ. ಆದರೆ ಅಕ್ಕಪಕ್ಕದ ತೋಟಗಳಲ್ಲಿ ಕಾಫಿ ಬೀಜ ಸಿದ್ಧವಾಗಿತ್ತು. ಕೋಕೋ ಇದ್ದ ಜಾಗದಲ್ಲೆಲ್ಲ ಕಾಫಿ ಎದ್ದಿತು. 1777ರ ಎಣಿಕೆಯಂತೆ ದ್ವೀಪದಲ್ಲಿದ್ದ ಕಾಫಿ ಗಿಡಗಳ ಸಂಖ್ಯೆ 1 ಕೋಟಿ 87 ಲಕ್ಷಕ್ಕೂ ಮೇಲು. ಅಲ್ಲಿಂದ ಗ್ವಾಡಲೂಪ್ ಮತ್ತಿತರ ದ್ವೀಪಗಳಿಗೂ ಸಸಿಗಳು ಹೋದವು.

ದ ಕ್ಲಿಯೂ ಮುಂದೆ 1737ರಲ್ಲಿ ಗ್ವಾಡಲೂಪಿನ ಗವರ್ನರನಾಗಿ ಸುಮಾರು ಹದಿನೈದು ವರ್ಷ ಆಡಳಿತ ನಡೆಸಿ, 1774ರ ನವೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಲ್ಯಾಟಿನ್ ಅಮೆರಿಕದ ಕಾಫಿಯೆಲ್ಲ ಈತನ ಒಂದು ಗಿಡದ ಸಂತಾನ ಎಂದು ಕೆಲವು ಪುಸ್ತಕಗಳಲ್ಲಿ ಬರೆದಿರುವುದುಂಟು. ಅದು ಅತಿಶಯೋಕ್ತಿ. ಡಚ್ಚರು ಸುರಿನಾಂನಲ್ಲಿ ಇವನಿಗಿಂತ ಬೇರೆಯಾಗಿಯೇ ಕಾಫಿ ಬೆಳೆದಿದ್ದರು. ಬ್ರೆಜಿಲಿಗೆ 1727ರಲ್ಲಿ ಬೀಜ ಒಯ್ದವನು ಪಾಲ್ಯೆಟಾ ಎಂಬ ಮತ್ತೊಬ್ಬ ಸೈನ್ಯಾಧಿಕಾರಿ, ಅದೂ ಫ್ರೆಂಚ್ ಗಯಾನಾದಿಂದ. ಆದರೂ ಕ್ಯಾಪ್ಟನ್ನನ ಪಾಲು ಸಣ್ಣದಲ್ಲ.

ಕಥೆ ಹೇಳದೆ ಬಿಟ್ಟದ್ದು

ಬೇಲಿಯ ಹೊರಗೆ ಹಗಲಿರುಳು ಕಾವಲು ನಿಂತವರು ಯಾರು? ಆಫ್ರಿಕದಿಂದ ಸರಪಳಿ ಹಾಕಿ ತಂದ ಗುಲಾಮರು. ಕ್ಯಾಪ್ಟನ್ನನ ಕಾಗದದಲ್ಲಿ ಅವರಲ್ಲಿ ಒಬ್ಬರ ಹೆಸರೂ ಇಲ್ಲ. ಗಿಡ ಸಾಗಿದ ಅದೇ ಸಮುದ್ರದಲ್ಲಿ ಅವರೂ ಸಾಗಿಬಂದವರು. ಅವರ ಪಾಲಿಗೆ ಗಾಜಿನ ಪೆಟ್ಟಿಗೆಯಾಗಲಿ, ನೀರು ಹಂಚಿಕೊಳ್ಳುವ ಯಜಮಾನನಾಗಲಿ ಇರಲಿಲ್ಲ. 1685ರ ಫ್ರೆಂಚ್ ರಾಜಶಾಸನ ಗುಲಾಮರನ್ನು ಚರಾಸ್ತಿಯ ಲೆಕ್ಕಕ್ಕೆ ಸೇರಿಸಿತ್ತು. ಕೋಟಿಗಟ್ಟಲೆ ಗಿಡಗಳಿಗೆ ಗುಂಡಿ ತೆಗೆದವರು, ಕಳೆ ತೆಗೆದವರು, ಹಣ್ಣು ಕೊಯ್ದವರು ಅವರು.

ಫ್ರೆಂಚರದೇ ಇನ್ನೊಂದು ವಸಾಹತಾದ ಸೈಂಟ್ ದೊಮೆಂಗ್, ಅಂದರೆ ಇಂದಿನ ಹೈಟಿ, 1780ರ ದಶಕದಲ್ಲಿ ಪ್ರಪಂಚದ ಕಾಫಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಬೆಳೆಯುತ್ತಿತ್ತು. ಅಲ್ಲಿ ಸುಮಾರು ಐದು ಲಕ್ಷ ಗುಲಾಮರಿದ್ದರು. 1791ರಲ್ಲಿ ಅವರು ದಂಗೆಯೆದ್ದು ತೋಟಗಳಿಗೆ ಬೆಂಕಿಯಿಟ್ಟರು, 1804ರಲ್ಲಿ ಸ್ವತಂತ್ರರಾದರು. ಮಾರ್ಟಿನಿಕ್ಕಿನ ಗುಲಾಮರಿಗೆ ಬಿಡುಗಡೆಯಾದದ್ದು 1848ರಲ್ಲಿ.

ಇದನ್ನು ದೂರದ ಪಾಪವೆಂದು ಓದಿ ಪುಟ ತಿರುವುವ ಹಕ್ಕು ನಮಗೂ ಇಲ್ಲ. ನಮ್ಮ ದೇಶದಲ್ಲೂ ಮುಂಗಡ ಹಣ ಪಡೆದ ಕೂಲಿಯಾಳು ಕರಾರು ಮುರಿದರೆ ಜೈಲಿಗೆ ಹಾಕಲು 1859ರ ಕಾನೂನು ಅವಕಾಶ ಕೊಟ್ಟಿತ್ತು. ತೋಟದ ದೊರೆಗಳು ಅದನ್ನು ಧಾರಾಳವಾಗಿ ಬಳಸಿದರು. ಇಂದು ಕುಯ್ಲಿನ ಕಾಲಕ್ಕೆ ಆಳು ಸಿಗುವುದಿಲ್ಲವೆಂದು ನಾವು ಕಛೇರಿಯ ಜಗಲಿಯಲ್ಲಿ ಕುಳಿತು ಗೊಣಗುವಾಗ, ಕಾಫಿಯ ಚರಿತ್ರೆಯಲ್ಲಿ ಆಳಿಗೆ ಬೇಡವೆನ್ನುವ ಸ್ವಾತಂತ್ರ್ಯ ಬಂದು ಬಹಳ ಕಾಲವಾಗಿಲ್ಲ ಎಂಬುದನ್ನೂ ನೆನೆಯುವುದು ಒಳ್ಳೆಯದು.

ಒಂದೇ ತಾಯಿಯ ಮಕ್ಕಳು

ಕ್ಯಾಪ್ಟನ್‌ಗೆ ತಿಳಿಯಲು ಸಾಧ್ಯವೇ ಇಲ್ಲದಿದ್ದ ಇನ್ನೊಂದು ಸಂಗತಿಯುಂಟು. ಒಂದು ಗಿಡ ತನ್ನ ಪರಾಗದಿಂದಲೇ ಹುಟ್ಟಿಸಿದ ಮಕ್ಕಳು, ಮೊಮ್ಮಕ್ಕಳು ಎಲ್ಲವೂ ಒಂದೇ ಅಚ್ಚಿನವು. ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲುತ್ತದೆ. 1869ರಲ್ಲಿ ಸಿಲೋನಿನಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು, ಇಪ್ಪತ್ತು ವರ್ಷಗಳೊಳಗೆ ಆ ದ್ವೀಪದ ಕಾಫಿಯನ್ನು ಮುಗಿಸಿತು. ಕಾಫಿ ಹೋದ ಬೆಟ್ಟಗಳಲ್ಲಿ ಚಹಾ ಬಂತು. ನಮ್ಮ ಬೆಟ್ಟಗಳಿಗೂ ಅದೇ ಕಾಲಕ್ಕೆ ರೋಗ ಇಳಿಯಿತು. 1970ರಲ್ಲಿ ಸಾಗರ ದಾಟಿ ಬ್ರೆಜಿಲಿನಲ್ಲಿ ಕಾಣಿಸಿತು. 2012ರಲ್ಲಿ ಮಧ್ಯ ಅಮೆರಿಕದ ತೋಟಗಳನ್ನು ಬರಿದು ಮಾಡಿತು.

ನಮ್ಮಲ್ಲಿ ಕಾಫಿ ಉಳಿದದ್ದು ತೋಟದಲ್ಲಿ ಕಣ್ಣಿಟ್ಟು ನಡೆದವರಿಂದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಬೆಳೆಗಾರ ಕೆಂಟ್, ತುಕ್ಕು ಹಿಡಿದ ಗಿಡಗಳ ನಡುವೆ ಹಸಿರಾಗಿ ನಿಂತದ್ದನ್ನು ಆರಿಸಿ ಬೀಜ ಮಾಡಿದ. ಕೆಂಟ್ಸ್ ತಳಿ ಬಂದದ್ದು ಹಾಗೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರದವರು ಅದೇ ಕೆಂಟ್ಸನ್ನು ಎಸ್. 288ರೊಡನೆ ಸಂಕರ ಮಾಡಿ, 1940ರ ದಶಕದಲ್ಲಿ ಎಸ್. 795 ಕೊಟ್ಟರು. ತುಕ್ಕಿನ ಶಿಲೀಂಧ್ರವೂ ಸುಮ್ಮನೆ ಕುಳಿತಿಲ್ಲ, ಹೊಸ ಹೊಸ ರೂಪ ತಾಳಿ ಎಸ್. 795ಕ್ಕೂ ಬಂದಿದೆ. 2007ರಲ್ಲಿ ಚಂದ್ರಗಿರಿ ಬಂತು. ಅಡಿಕೆಯಲ್ಲೂ ಇದೇ ದಾರಿ. ವಿಟ್ಲದ ಕೇಂದ್ರದಿಂದ 1972ರಲ್ಲಿ ಬಿಡುಗಡೆಯಾದ ಮಂಗಳ ತಳಿಯ ಮೂಲ ಚೀನಾದಿಂದ ತರಿಸಿದ ಬೀಜ. ಹೊರಗಿನಿಂದ ಬಂದ ರಕ್ತ ಬೇಕು, ತೋಟದಲ್ಲಿ ಗೆದ್ದು ನಿಂತ ಗಿಡವನ್ನು ಗುರುತಿಸುವ ಕಣ್ಣೂ ಬೇಕು. ಎರಡನ್ನೂ ಒಬ್ಬನ ಬೇಲಿಯೊಳಗೆ ಇಟ್ಟುಕೊಂಡರೆ ಪ್ರಯೋಜನವಿಲ್ಲ.

ನಮ್ಮದೇ ಒಂದು ತಪ್ಪು

ಉಪದೇಶ ಮಾಡುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ನಮ್ಮ ಕೆಳಗಿನ ತೋಟದಲ್ಲಿ, ಹಳ್ಳದ ಬದಿಗೆ, ತೀರ್ಥರೂಪರು ಆರಿಸಿ ಬೆಳೆಸಿದ ಹತ್ತು ಹನ್ನೆರಡು ತಾಯಿ ಅಡಿಕೆ ಮರಗಳಿದ್ದವು. ಪ್ರತಿ ವರ್ಷವೂ ತಪ್ಪದೆ ಗೊನೆ ತುಂಬುವಂಥವು. ಮೂರು ಎಕರೆಯ ನೆರೆಯವರೊಬ್ಬರು ಬಂದು ಬೀಜದಡಿಕೆ ಕೇಳಿದರು. "ಈ ವರ್ಷ ಬೇಡ ಮಾರಾಯ್ರೆ, ಮುಂದಿನ ವರ್ಷ ನೋಡುವ" ಎಂದೆವು. ಮುಂದಿನ ವರ್ಷವೂ ಅದನ್ನೇ ಹೇಳಿದೆವು. ಬೀಜಕ್ಕೆ ಕೊರತೆಯೇನೂ ಇರಲಿಲ್ಲ. ನಮ್ಮ ಮರ ನಮ್ಮಲ್ಲೇ ಇರಲಿ ಎಂಬ ಸಣ್ಣ ಬುದ್ಧಿ, ಅಷ್ಟೇ.

2019ರ ಆಗಸ್ಟ್ ಮಳೆ ಯಾರಿಗೂ ಮರೆಯುವಂಥದ್ದಲ್ಲ. ಮೇಲಿನ ಗುಡ್ಡ ಜಾರಿತು, ಹಳ್ಳ ದಿಕ್ಕು ಬದಲಿಸಿತು. ಒಂದೇ ರಾತ್ರಿಯಲ್ಲಿ ಕೆಳಗಿನ ತೋಟದ ಮೇಲೆ ಕಲ್ಲು ಮಣ್ಣು ಬಂದು ಕೂತಿತು. ತಾಯಿಮರಗಳಲ್ಲಿ ಒಂದೂ ಉಳಿಯಲಿಲ್ಲ. ನೆರೆಯವರು ನೋಡಲು ಬಂದು, ಬದುವಿನ ಮೇಲೆ ನಮ್ಮ ಪಕ್ಕ ನಿಂತು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಕೊಟ್ಟಿದ್ದರೆ ಈಗ ನಮ್ಮಲ್ಲಿಂದ ನೀವೇ ಒಯ್ಯಬಹುದಿತ್ತು" ಎಂದರು. ಚುಚ್ಚಿ ಹೇಳಿದ್ದಲ್ಲ, ದುಃಖದಿಂದ ಹೇಳಿದ್ದು. ಹಾಗಾಗಿಯೇ ಅದು ಇಂದಿಗೂ ನಮ್ಮನ್ನು ಕುಟುಕುತ್ತದೆ.

ದ ಕ್ಲಿಯೂ ಗಿಡ ನೆಟ್ಟ ಪ್ರೆಶೂರ್, ಪೆಲೆ ಎಂಬ ಜ್ವಾಲಾಮುಖಿಯ ಬುಡದಲ್ಲಿದೆ. 1902ರಲ್ಲಿ ಆ ಪರ್ವತ ಸಿಡಿದು, ಹತ್ತಿರದ ಸೇಂಟ್ ಪಿಯೆರ್ ಪಟ್ಟಣದ ಸುಮಾರು 28 ಸಾವಿರ ಜನ ಕೆಲವೇ ನಿಮಿಷಗಳಲ್ಲಿ ಸತ್ತರು. ಪ್ರೆಶೂರ್ ಬೂದಿ ಕೆಸರಿನಲ್ಲಿ ಹೂತಿತು. ಕಬ್ಬು ಹಾಗೂ ಕೀಟ ರೋಗಗಳ ಕಾರಣ ಅದಕ್ಕೆ ಮೊದಲೇ ಆ ದ್ವೀಪದಲ್ಲಿ ಕಾಫಿ ಕುಗ್ಗಿತ್ತು. ಆದರೆ ಅಲ್ಲಿಂದ ಹೊರಗೆ ಹೋದ ಸಸಿಗಳ ಸಂತಾನ ಅಷ್ಟರಲ್ಲಿ ಬೇರೆ ದ್ವೀಪಗಳ ಬೆಟ್ಟಗಳಲ್ಲಿ ಬೇರೂರಿತ್ತು.

ಸದಸ್ಯರಲ್ಲಿ ವಿನಂತಿ

ಈ ಕುಯ್ಲಿನಲ್ಲಿ ಪ್ರತಿಯೊಬ್ಬ ಸದಸ್ಯರೂ ತಮ್ಮ ತೋಟವನ್ನು ಒಮ್ಮೆ ಬೀಜದ ಕಣ್ಣಿನಿಂದ ನೋಡಬೇಕೆಂದು ಕೇಳಿಕೊಳ್ಳುತ್ತೇವೆ. ತುಕ್ಕು, ಬೋರರ್ ಎರಡನ್ನೂ ತಡೆದು ವರ್ಷ ವರ್ಷವೂ ಫಸಲು ಕೊಟ್ಟ ಅರೇಬಿಕಾ ಗಿಡಗಳಿಗೆ ಗುರುತು ಹಾಕಿರಿ. ಪೂರ್ತಿ ಹಣ್ಣಾದುದನ್ನೇ ಕೊಯ್ದು, ನೀರಿನಲ್ಲಿ ತೇಲುವುದನ್ನು ತೆಗೆದುಹಾಕಿ, ಸಿಪ್ಪೆ ಸುಲಿದು, ಬೂದಿ ಬೆರೆಸಿ, ನೆರಳಿನಲ್ಲಿ ಆರಿಸಿರಿ. ಅಡಿಕೆಯಲ್ಲಿ ಹತ್ತು ವರ್ಷ ದಾಟಿದ, ವರ್ಷಾವಧಿ ತಪ್ಪದೆ ಬಿಡುವ ಮರವನ್ನು ಆರಿಸಿ, ತೂಕದ ಗೋಟು ಹಣ್ಣನ್ನು ಇಡಿರಿ. ನೀರಿಗೆ ಹಾಕಿದಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಹಣ್ಣಿನಿಂದ ಬಲವಾದ ಸಸಿ ಬರುತ್ತದೆ. ಅಡಿಕೆ ಪರಕೀಯ ಪರಾಗದಿಂದ ಫಲಿಸುವುದರಿಂದ ಸುತ್ತಲಿನ ಮರಗಳೂ ಚೆನ್ನಾಗಿರಬೇಕೆಂಬುದನ್ನು ಮರೆಯಬೇಡಿ.

ಸಂಘದ ಕಛೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಯಾರ ತೋಟದಲ್ಲಿ ಯಾವ ಬೀಜವಿದೆ, ಎಷ್ಟು ಕೊಡಬಲ್ಲರು ಎಂದು ಅದರಲ್ಲಿ ಬರೆಸಬಹುದು. ಬೇಕಾದವರೂ ಹೆಸರು ಬರೆಸಬಹುದು. ಒಂದು ಸೇರು ಕೊಟ್ಟರೂ ಸಾಕು. ಪಡೆದವರು ಮೊದಲ ಫಸಲು ಬಂದಾಗ ಅಷ್ಟೇ ಬೀಜವನ್ನು ಇನ್ನೊಬ್ಬ ಸದಸ್ಯರಿಗೆ ಕೊಡಬೇಕು, ಇದೊಂದೇ ಕರಾರು.

ಪುಸ್ತಕದ ಮೊದಲ ಸಾಲಿನಲ್ಲಿ ನಮ್ಮ ಹೆಸರು ಇದೆ. ಬೇಕಾದವರ ಪಟ್ಟಿಯಲ್ಲಲ್ಲ, ಕೊಡುವವರ ಪಟ್ಟಿಯಲ್ಲಿ. ಮೇಲಿನ ತೋಟದಲ್ಲಿ ಉಳಿದಿರುವ ನಾಲ್ಕು ಮರಗಳ ಬೀಜ. ಅದರ ಮೊದಲ ಬುಟ್ಟಿ ಮೂರು ಎಕರೆಯ ನೆರೆಯವರಿಗೆಂದು ಮೀಸಲು.